ನಂಜನಗೂಡಿನ ರೈಲು, ಏಡಿ ನೀಹಾರಿಕೆಯ ಕ್ಷ-ಕಿರಣ

ಮೈಸೂರಿನ ಚಾಮರಾಜಪುರಂ ರೈಲುನಿಲ್ದಾಣ ಚಿಕ್ಕದು. ಝಾನ್ಸಿ ಲಕ್ಷ್ಮೀಬಾಯಿ ರಸ್ತೆಯ ಗಲಾಟೆಗೆ ಬೆನ್ನು ಕೊಟ್ಟು ನಿಂತಿರುವ ಈ ನಿಲ್ದಾಣದಲ್ಲಿ ಹತ್ತುವವರು ಬಹುಮಟ್ಟಿಗೆ ಅಕ್ಕಪಕ್ಕದ ಬೀದಿಯವರೇ. ಇಲ್ಲಿಂದ ತೆಂಕಣಕ್ಕೆ ಹೊರಟ ಗಾಡಿ ಅಶೋಕಪುರಂ, ಕಡಕೊಳ, ತಾಂಡವಪುರಗಳನ್ನು ಹಿಂದೆ ಹಾಕಿ, ಕಪಿಲೆಯನ್ನು ದಾಟಿ ನಂಜನಗೂಡು ಸೇರುತ್ತದೆ. ಅದೇ ಹಾದಿಯಲ್ಲಿ ಮುಂದೆ ಬದನವಾಳು, ಕೊನೆಗೆ ಚಾಮರಾಜನಗರ. ನಂಜನಗೂಡೆಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಶ್ರೀಕಂಠೇಶ್ವರ, ಅನಂತರ ರಸಬಾಳೆ, ಹಲ್ಲುಪುಡಿ. ಆ ಊರಿನಲ್ಲಿ 1925ರ ಜೂನ್ 30ರಂದು ಹುಟ್ಟಿದ ಒಬ್ಬರ ಹೆಸರಿನಲ್ಲಿ ಊರದೇವರೂ ಇದ್ದಾನೆ, ಮುಂದಿನ ಹಾದಿಯ ಬದನವಾಳೂ ಇದೆ: ಬದನವಾಳು ವೆಂಕಟಸುಬ್ಬ ಶ್ರೀಕಂಠನ್. ಬಿ. ವಿ. ಶ್ರೀಕಂಠನ್ ಎಂದರೆ ವಿಜ್ಞಾನದ ಮಂದಿಗೆ ಗೊತ್ತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿ 1975ರಿಂದ 1987ರವರೆಗೆ ಇದ್ದವರು. ಆಕಾಶದ ಕಠಿಣ ಕ್ಷ-ಕಿರಣಗಳನ್ನು ಹುಡುಕುವ ಕೆಲಸಕ್ಕೆ ನಮ್ಮ ದೇಶದಲ್ಲಿ ಹಾದಿ ತೆರೆದವರಲ್ಲಿ ಮೊದಲಿಗರು.

ಆ ಶಾಸ್ತ್ರದ ಒಂದು ಮೂಲೆಯ ಚರಿತ್ರೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಆಕಾಶದಿಂದ ಬರುವ ಕ್ಷ-ಕಿರಣದ ಧ್ರುವೀಕರಣವನ್ನು ಅಳೆಯುವುದು ಹೇಗೆಂಬ ಕಥೆ ಅದು. ಹೆಸರು ಕೇಳಿ ವಾಚಕರು ಪುಟ ಮಗುಚಬಾರದು. ವಿಷಯ ಅಷ್ಟೇನೂ ಗಹನವಲ್ಲ. ಅಳೆಯುವ ಕೆಲಸ ಮಾತ್ರ ಬಲು ಕಷ್ಟ. ಆ ಕಷ್ಟ ಎಂಥದು, ಅದರಲ್ಲಿ ಯಾರು ಎಡವಿದರು, ಯಾರು ಕಾದು ಕುಳಿತರು ಎಂಬುದೇ ಇಲ್ಲಿಯ ಸ್ವಾರಸ್ಯ.

ಮೊದಲು ಧ್ರುವೀಕರಣವೆಂದರೇನು? ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ತಿರುಗಾಡುವವರು ಸುಲಭವಾಗಿ ತಿಳಿದುಕೊಳ್ಳಬಹುದು. ಇಳಿಬಿಸಿಲು ನೀರಿನ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿರುವಾಗ ಪೋಲರಾಯಿಡ್ ಕನ್ನಡಕವೊಂದನ್ನು ಕೈಯಲ್ಲಿ ಹಿಡಿದು ಅದರ ಮೂಲಕ ನೋಡಿ. ಕನ್ನಡಕವನ್ನು ಒಂದು ಬಗೆಯಲ್ಲಿ ಹಿಡಿದಾಗ ಪ್ರಖರತೆ ಬಹುಪಾಲು ಅಡಗುತ್ತದೆ. ಕಾಲು ಸುತ್ತು ತಿರುಗಿಸಿದರೆ ಮತ್ತೆ ಕಣ್ಣು ಕುಕ್ಕುತ್ತದೆ. ಬೆಳಕು ಒಂದು ಅಲುಗಾಟ. ಸೂರ್ಯನಿಂದ ನೇರವಾಗಿ ಬರುವ ಬೆಳಕಿನಲ್ಲಿ ಆ ಅಲುಗಾಟ ಎಲ್ಲ ದಿಕ್ಕಿಗೂ ಸಮನಾಗಿ ಹಂಚಿಹೋಗಿರುತ್ತದೆ. ನೀರಿನ ಮೇಲೆ ಓರೆಯಾಗಿ ತಾಗಿ ಚಿಮ್ಮಿದ ಬೆಳಕಿನಲ್ಲಾದರೋ ಅದು ನೀರಿನ ಮಟ್ಟಕ್ಕೆ ಸಮನಾದ ಒಂದೇ ದಿಕ್ಕಿನಲ್ಲಿ ಹೆಚ್ಚು. ಕಿಟಕಿಯ ಸರಳುಗಳ ನಡುವೆ ಹಗ್ಗ ತೂರಿಸಿ ಅಲುಗಿಸಿದರೆ ಸರಳಿನ ಉದ್ದಕ್ಕೆ ಅಲುಗಿಸಿದ ಅಲೆ ಆಚೆ ದಾಟುತ್ತದೆ, ಅಡ್ಡಕ್ಕೆ ಅಲುಗಿಸಿದ್ದು ಅಲ್ಲೇ ನಿಲ್ಲುತ್ತದೆ. ಕನ್ನಡಕದ ಗಾಜು ಅಂಥ ಸರಳಿನ ಕಿಟಕಿ. ಅಲುಗಾಟ ಹೀಗೆ ಒಂದು ದಿಕ್ಕಿಗೆ ವಾಲಿರುವುದಕ್ಕೇ ಧ್ರುವೀಕರಣವೆಂದು ಹೆಸರು.

ಇದನ್ನು ಮೊದಲು ಗಮನಿಸಿದ್ದೂ ಒಂದು ಸಂಜೆಯೇ. 1808ರಲ್ಲಿ ಪ್ಯಾರಿಸ್ಸಿನ ಎತಿಯೆನ್ ಮಾಲ್ಯೂ ಎಂಬಾತ ತನ್ನ ಮನೆಯಿಂದ ಲಕ್ಸೆಂಬರ್ಗ್ ಅರಮನೆಯ ಕಿಟಕಿ ಗಾಜಿನಲ್ಲಿ ಹೊಳೆಯುತ್ತಿದ್ದ ಮುಳುಗುಸೂರ್ಯನನ್ನು ಒಂದು ಹರಳಿನ ಮೂಲಕ ನೋಡಿದ. ಹರಳು ತಿರುಗಿಸಿದಂತೆ ಬಿಂಬಗಳು ಮಸುಕಾಗಿ ಬೆಳಗಿದುವು. ಮರುವರ್ಷವೇ ಅರಾಗೋ ಎಂಬ ಇನ್ನೊಬ್ಬ ಫ್ರೆಂಚರವನು ನೀಲಿ ಆಕಾಶದ ಬೆಳಕೂ ಹೀಗೆ ವಾಲಿದೆಯೆಂದು ಕಂಡುಹಿಡಿದ. ಈಗಲೂ ಹೊತ್ತು ಮುಳುಗುವಾಗ ನೆತ್ತಿಯ ಮೇಲಿನ ನೀಲಿಯನ್ನು ಅದೇ ಕನ್ನಡಕದಲ್ಲಿ ನೋಡಿ ತಿರುಗಿಸಿದರೆ ನೀಲಿ ಕಪ್ಪಡರುವುದು ಕಾಣುತ್ತದೆ. ಗಾಳಿಯ ಅಣುಗಳಿಗೆ ತಾಗಿ ಚದರಿದ ಬೆಳಕು ಅದು. ಚದರಿಕೆಗೂ ವಾಲಿಕೆಗೂ ಇರುವ ಈ ನಂಟನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಕಥೆಯೆಲ್ಲ ಅದರ ಮೇಲೆಯೇ ನಿಂತಿದೆ.

ಸಿ. ವಿ. ರಾಮನ್ನರು 1921ರಲ್ಲಿ ಇಂಗ್ಲೆಂಡಿಗೆ ಹೋಗಿ ‘ನಾರ್ಕುಂಡ’ ಹಡಗಿನಲ್ಲಿ ಹಿಂದಿರುಗುತ್ತಿದ್ದಾಗ ಜೇಬಿನಲ್ಲಿದ್ದುದು ನಿಕಾಲ್ ಪಟ್ಟಕ, ಅಂದರೆ ಮೇಲೆ ಹೇಳಿದ ಕನ್ನಡಕದ ಅಜ್ಜ. ಸಮುದ್ರದ ನೀಲಿ ಆಕಾಶದ ನೀಲಿಯ ಪ್ರತಿಬಿಂಬವಷ್ಟೇ ಎಂದು ರೇಲಿ ಪ್ರಭುವಿನಂಥ ದೊಡ್ಡವರು ಹೇಳಿಬಿಟ್ಟಿದ್ದರು. ರಾಮನ್ನರು ಹಡಗಿನ ಅಟ್ಟದ ಮೇಲೆ ನಿಂತು, ತಕ್ಕ ಕೋನದಲ್ಲಿ ಪಟ್ಟಕ ಹಿಡಿದು, ನೀರಿನ ಮೇಲಿನ ಪ್ರತಿಬಿಂಬವನ್ನು ಆರಿಸಿಬಿಟ್ಟರು. ನೀಲಿ ಹೋಗಲಿಲ್ಲ, ಇನ್ನೂ ಗಾಢವಾಯಿತು. ನೀರೇ ಬೆಳಕನ್ನು ಚದರಿಸುತ್ತಿತ್ತು. ಕಲ್ಕತ್ತೆಗೆ ಬಂದು ಏಳು ವರ್ಷ ಅದೇ ಚದರಿಕೆಯ ಹಿಂದೆ ಬಿದ್ದು 1928ರಲ್ಲಿ ತಮ್ಮ ಹೆಸರಿನ ಪರಿಣಾಮವನ್ನು ಕಂಡರು. ಅವರೇ ಮುಂದೆ ಬೆಂಗಳೂರಿಗೆ ಬಂದು, ಮೈಸೂರು ಸರ್ಕಾರ ಕೊಟ್ಟ ಜಮೀನಿನಲ್ಲಿ 1948ರಲ್ಲಿ ತಮ್ಮ ಸಂಶೋಧನಾ ಸಂಸ್ಥೆಯನ್ನು ಆರಂಭಿಸಿದರು. ಆ ಸಂಸ್ಥೆಗೆ ಕಥೆಯ ಕೊನೆಯಲ್ಲಿ ಮತ್ತೆ ಬರಬೇಕಾಗಿದೆ.

ಈಗ ಕ್ಷ-ಕಿರಣ. ರಂಟ್ಜೆನ್ 1895ರಲ್ಲಿ ಅದನ್ನು ಕಂಡಾಗ ಅದು ಬೆಳಕಿನ ಜಾತಿಯದೋ ಕಣಗಳ ಸುರಿಮಳೆಯೋ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಅದು ಮಸೂರಕ್ಕೆ ಬಗ್ಗುವುದಿಲ್ಲ, ಕನ್ನಡಿಗೆ ಸುಲಭವಾಗಿ ಒಲಿಯುವುದಿಲ್ಲ, ನಿಕಾಲ್ ಪಟ್ಟಕವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಾಗಾದರೆ ಅದರ ವಾಲಿಕೆಯನ್ನು ನೋಡುವುದು ಹೇಗೆ? ಲಿವರ್‌ಪೂಲಿನಲ್ಲಿದ್ದ ಚಾರ್ಲ್ಸ್ ಬಾರ್ಕ್ಲ ಎಂಬ ತರುಣನಿಗೆ ಚದರಿಕೆಯನ್ನೇ ಹಿಡಿಯಬಹುದೆಂದು ಹೊಳೆಯಿತು. ಕಿರಣ ಬಂದು ಎಲೆಕ್ಟ್ರಾನನ್ನು ಅಲುಗಿಸುತ್ತದೆ; ಕಿರಣದ ಅಲುಗಾಟ ಯಾವ ದಿಕ್ಕಿಗೋ ಎಲೆಕ್ಟ್ರಾನಿನದೂ ಅದೇ ದಿಕ್ಕಿಗೆ. ಹಾಗೆ ಅಲುಗುವ ಎಲೆಕ್ಟ್ರಾನು ತನ್ನ ಅಲುಗಿನ ನೇರಕ್ಕೆ ಕಿರಣ ಚೆಲ್ಲಲಾರದು, ಅದಕ್ಕೆ ಅಡ್ಡಲಾಗಿಯೇ ಹೆಚ್ಚು ಚೆಲ್ಲುತ್ತದೆ. ಆದುದರಿಂದ ಚದರಿಸುವ ವಸ್ತುವಿನ ನಾಲ್ಕು ಕಡೆಯೂ ಕಾವಲಿಟ್ಟು ಎಣಿಸಿದರೆ, ಎದುರುಬದುರಿನ ಎರಡು ಕಡೆ ಹೆಚ್ಚು, ಮಿಕ್ಕೆರಡು ಕಡೆ ಕಡಿಮೆ ಬರಬೇಕು. 1904ರಿಂದ 1906ರವರೆಗೆ ಬಾರ್ಕ್ಲ ಇದನ್ನು ಮಾಡಿ ತೋರಿಸಿದ. ಒಂದು ಇಂಗಾಲದ ತುಂಡಿನಿಂದ ಚದರಿದ ಕಿರಣವನ್ನು ಇನ್ನೊಂದು ಇಂಗಾಲದ ಮೇಲೆ ಬೀಳಿಸಿ ಮತ್ತೆ ಚದರಿಸಿದಾಗ ಆ ಏರುಪೇರು ಸ್ಪಷ್ಟವಾಗಿ ಕಂಡಿತು. ಕ್ಷ-ಕಿರಣವೂ ಬೆಳಕಿನ ಬಂಧುವೇ ಎನ್ನುವುದಕ್ಕೆ ದೊರೆತ ಬಲವಾದ ಸಾಕ್ಷಿಗಳಲ್ಲಿ ಇದೂ ಒಂದು.

ಬಾರ್ಕ್ಲನ ಕಥೆಗೆ ಒಂದು ಬಾಲವುಂಟು, ಸಂತೋಷದ್ದಲ್ಲ. 1917ರ ನೊಬೆಲ್ ಬಹುಮಾನ ಅವನಿಗೆ ಬಂತು. ಅಷ್ಟರ ಹೊತ್ತಿಗೆ ಅವನು ತನ್ನ ಅಳತೆಗಳಲ್ಲಿ ‘ಜೆ’ ಎಂಬ ಹೊಸ ಬಗೆಯ ವಿಕಿರಣವೊಂದರ ಕುರುಹು ಕಂಡಿತೆಂದು ನಂಬಿದ್ದ. ಬೇರೆ ಯಾರಿಗೂ ಅದು ಕಾಣಲಿಲ್ಲ. 1944ರಲ್ಲಿ ಸಾಯುವವರೆಗೂ ಅವನು ಆ ನಂಬಿಕೆಯನ್ನು ಬಿಡಲಿಲ್ಲ. ಅಷ್ಟು ನಿಖರವಾಗಿ ಅಳೆದವನೇ ತನ್ನ ಅಳತೆಯಿಂದ ಹೀಗೆ ಮೋಸಹೋದದ್ದನ್ನು ಓದುವಾಗ ಮನಸ್ಸಿಗೆ ಏನೋ ಆಗುತ್ತದೆ.

ಆಕಾಶದಿಂದ ಕ್ಷ-ಕಿರಣ ಬರುತ್ತದೆಯೆಂಬ ಸಂಗತಿಯಂತೂ ಇತ್ತೀಚಿನದು. ಭೂಮಿಯ ಗಾಳಿ ಅದನ್ನೆಲ್ಲ ನುಂಗಿಬಿಡುವುದರಿಂದ ಗಾಳಿಯ ಆಚೆ ಹೋಗದೆ ಕಾಣುವಂತಿಲ್ಲ. 1962ರ ಜೂನಿನಲ್ಲಿ ಅಮೆರಿಕದ ರಿಕಾರ್ಡೊ ಜಿಯಕೋನಿ, ಬ್ರೂನೋ ರೊಸ್ಸಿ ಮೊದಲಾದವರು ಹಾರಿಸಿದ ಒಂದು ರಾಕೆಟ್ಟು ಆಕಾಶದಲ್ಲಿದ್ದ ಕೆಲವೇ ನಿಮಿಷಗಳಲ್ಲಿ ವೃಶ್ಚಿಕ ರಾಶಿಯ ಕಡೆಯಿಂದ ಪ್ರಬಲವಾದ ಕ್ಷ-ಕಿರಣ ಬರುವುದನ್ನು ಕಂಡಿತು. ಎಲ್ಲಿಂದ, ಯಾವ ನಕ್ಷತ್ರದಿಂದ? ಅದನ್ನು ಗೊತ್ತುಮಾಡಲು ನಾಲ್ಕು ವರ್ಷ ಹಿಡಿಯಿತು. 1966ರಲ್ಲಿ ಅದರ ಸ್ಥಾನವನ್ನು ಬಿಗಿಯಾಗಿ ಗುರುತಿಸಿ ಪ್ರಕಟಿಸಿದ ತಂಡದ ಎಂಟು ಹೆಸರುಗಳಲ್ಲಿ ಕೊನೆಯದು ಶ್ರೀಕಂಠನ್ನರದು. ಅವರು ಆಗ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ರೊಸ್ಸಿಯವರ ಬಳಗದ ಜೊತೆ ಕೆಲಸಮಾಡುತ್ತಿದ್ದರು. ಆ ಸ್ಥಾನವನ್ನು ಹಿಡಿದು ಹೊರಟ ಟೋಕಿಯೊ, ಪಾಲೊಮಾರ್ ವೀಕ್ಷಣಾಲಯಗಳವರಿಗೆ ಅಲ್ಲಿ ಒಂದು ಮಂಕು ನೀಲಿ ನಕ್ಷತ್ರ ಸಿಕ್ಕಿತು.

ಶ್ರೀಕಂಠನ್ನರ ಹಿಂದಿನ ಕೆಲಸವನ್ನು ನೆನೆದರೆ ಇದೊಂದು ಸೊಗಸಾದ ತಿರುವು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1948ರಲ್ಲಿ ಭಾಭಾ ಅವರ ಸಂಸ್ಥೆ ಸೇರಿದ ತರುಣ, ಮೊದಲು ಇಳಿದದ್ದು ಕೋಲಾರದ ಚಿನ್ನದ ಗಣಿಗೆ. ವಿಶ್ವಕಿರಣಗಳು ನೆಲದೊಳಕ್ಕೆ ಎಷ್ಟು ಆಳ ತೂರುತ್ತವೆ ಎಂಬುದನ್ನು ಅಲ್ಲಿ ಅಳೆಯಬೇಕಾಗಿತ್ತು. ಅದೇ ಗಣಿಯ ಆಳದಲ್ಲಿ 1965ರಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಕುರುಹು ಸಿಕ್ಕಿತು. ಹಾಗೆ ಪಾತಾಳದಲ್ಲಿ ಕುಳಿತು ಆಕಾಶವನ್ನು ಅಳೆದವರು ಈಗ ಬಲೂನು ಹಿಡಿದರು. ಕ್ಷ-ಕಿರಣದಲ್ಲಿ ಕಠಿಣವಾದದ್ದು, ಎಂದರೆ ಹೆಚ್ಚು ಶಕ್ತಿಯದು, ಗಾಳಿಯಲ್ಲಿ ಸ್ವಲ್ಪ ಹೆಚ್ಚು ದೂರ ನುಗ್ಗಬಲ್ಲದು. ನಲವತ್ತು ಕಿಲೋಮೀಟರಿನಷ್ಟು ಮೇಲೆ ಹೋದರೆ ರಾಕೆಟ್ಟಿಲ್ಲದೆಯೇ ಅದು ಕೈಗೆಟುಕುತ್ತದೆ. ಸಿಗರೇಟಿನ ಪೊಟ್ಟಣದ ಮೇಲಿನ ಹೊದಿಕೆಯಂಥ ತೆಳ್ಳನೆಯ ಪಾಲಿಥೀನಿನ ದೊಡ್ಡ ಬಲೂನುಗಳನ್ನು ಹೈದರಾಬಾದಿನಿಂದ ಹಾರಿಸುವ ವಿದ್ಯೆ ಟಾಟಾ ಸಂಸ್ಥೆಯವರಿಗೆ ಮೊದಲೇ ಕರಗತವಾಗಿತ್ತು. 1968ರಲ್ಲಿ ಶ್ರೀಕಂಠನ್ನರ ತಂಡದ ದೂರದರ್ಶಕ ಹೊತ್ತ ಬಲೂನು ಅಲ್ಲಿಂದ ಏರಿ ಅದೇ ವೃಶ್ಚಿಕದ ಮೂಲವನ್ನು ನೋಡಿತು. ರಾಕೆಟ್ಟಿಗೆ ಸಿಕ್ಕುವುದು ನಿಮಿಷಗಳು; ಬಲೂನಿಗೆ ಗಂಟೆಗಳು. ಬಡ ದೇಶಕ್ಕೆ ಇದೇ ದೊಡ್ಡ ಅನುಕೂಲವಾಯಿತು. ಆ ಬಲೂನುಗಳ ಕೆಲಸದಲ್ಲಿ ಪಳಗಿದ ಪಿ. ಸಿ. ಅಗ್ರವಾಲರೇ ಮುಂದೆ ‘ಆಸ್ಟ್ರೋಸ್ಯಾಟ್’ ಎಂಬ ಉಪಗ್ರಹಕ್ಕೆ ಹೆಗಲು ಕೊಟ್ಟವರು. ನಡುವೆ, ಉಡುಪಿ ಸೀಮೆಯ ಅದಮಾರಿನ ಯು. ಆರ್. ರಾಯರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಷೆಡ್ಡುಗಳಲ್ಲಿ ಸಿದ್ಧವಾಗಿ 1975ರ ಏಪ್ರಿಲ್ 19ರಂದು ಹಾರಿದ ‘ಆರ್ಯಭಟ’ದಲ್ಲೂ ಒಂದು ಕ್ಷ-ಕಿರಣದ ಉಪಕರಣವಿತ್ತು. ಕೆಲವೇ ದಿನಗಳಲ್ಲಿ ಪ್ರಯೋಗಗಳಿಗೆ ವಿದ್ಯುತ್ತು ನಿಂತಿತು.

ಹೈದರಾಬಾದಿನ ಬಲೂನು ಏರಿದ ಅದೇ 1968ರಲ್ಲಿ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ರಾಬರ್ಟ್ ನೋವಿಕ್ ಎಂಬವರು ರಾಕೆಟ್ಟಿನ ತಲೆಯಲ್ಲಿ ಲಿಥಿಯಂ ತುಂಡುಗಳನ್ನಿಟ್ಟು, ಸುತ್ತಲೂ ಎಣಿಕೆಯ ಪೆಟ್ಟಿಗೆಗಳನ್ನು ಕಟ್ಟಿ, ಅದೇ ವೃಶ್ಚಿಕದ ಮೂಲದ ಕಡೆಗೆ ಹಾರಿಸಿದರು. ಬಾರ್ಕ್ಲನ ಇಂಗಾಲದ ತುಂಡನ್ನೇ ಆಕಾಶಕ್ಕೆ ಕೊಂಡೊಯ್ದ ಹಾಗೆ. ವಾಲಿಕೆ ಏನೂ ಕಾಣಲಿಲ್ಲ. ಮರುವರ್ಷ ಅವರ ಕಣ್ಣು ಬಿದ್ದದ್ದು ವೃಷಭ ರಾಶಿಯ ಏಡಿ ನೀಹಾರಿಕೆಯ ಮೇಲೆ.

ಈ ಏಡಿಯ ವಿಚಾರ ಎರಡು ಮಾತು ಹೇಳಬೇಕು. ಕ್ರಿ. ಶ. 1054ರಲ್ಲಿ ಚೀನದ ಜೋಯಿಸರು ಹಗಲಿನಲ್ಲೂ ಕಾಣುವಂಥ ಹೊಸ ತಾರೆಯೊಂದನ್ನು ಕಂಡು ಬರೆದಿಟ್ಟರು. ಆ ಸ್ಫೋಟದ ಅವಶೇಷವೇ ಈ ನೀಹಾರಿಕೆ. ದೂರ ಸುಮಾರು 6,500 ಜ್ಯೋತಿರ್ವರ್ಷ. ಅದರ ನಡುವೆ ಸೆಕೆಂಡಿಗೆ ಸುಮಾರು 30 ಸಲ ಗಿರ್ರನೆ ತಿರುಗುವ, ಒಂದು ಪಟ್ಟಣದಷ್ಟೇ ಗಾತ್ರದ ನಕ್ಷತ್ರದ ಹೆಣವೊಂದಿದೆ. ಬರಿಯ ಬಿಸಿಯಿಂದ ಇಷ್ಟು ಬೆಳಕು ಬರಲಾರದು. ಕಾಂತಕ್ಷೇತ್ರದಲ್ಲಿ ಸುರುಳಿ ಸುತ್ತುವ ಎಲೆಕ್ಟ್ರಾನುಗಳಿಂದ ಬರುತ್ತಿರಬೇಕೆಂದು 1953ರಲ್ಲಿ ಷ್ಕ್ಲೋವ್‌ಸ್ಕಿ ಎಂಬ ರಷ್ಯನ್ ಪಂಡಿತ ಹೇಳಿದ್ದ. ಹಾಗಿದ್ದರೆ ಬೆಳಕು ಧ್ರುವೀಕೃತವಾಗಿರಬೇಕು. ನೋಡಿದರು, ಆಗಿತ್ತು. ಕ್ಷ-ಕಿರಣವೂ ಹಾಗೆಯೇ ಹುಟ್ಟುತ್ತಿದ್ದರೆ ಅದೂ ವಾಲಿರಬೇಕಷ್ಟೆ? ಇಷ್ಟು ದೂರದ ವಸ್ತುವಿನ ಒಳಗಿನ ಯಂತ್ರವನ್ನು ಯಾವ ದೂರದರ್ಶಕವೂ ಬಿಡಿಸಿ ತೋರಿಸಲಾರದು. ಕಾಂತಕ್ಷೇತ್ರ ಯಾವ ಕಡೆಗೆ ಹಾಯ್ದಿದೆ, ಕಪ್ಪುಕುಳಿಯ ಸುತ್ತಲಿನ ಬಿಸಿ ಅನಿಲ ತಟ್ಟೆಯಂತಿದೆಯೋ ಉಂಡೆಯಂತಿದೆಯೋ ಎಂಬಂಥ ಪ್ರಶ್ನೆಗೆ ಕಿರಣದ ವಾಲಿಕೆಯೊಂದೇ ಸಾಕ್ಷಿ ನುಡಿಯಬಲ್ಲದು. ಈ ಅಳತೆಗಾಗಿ ಜನ ಆಯುಷ್ಯ ಸವೆಸಿದ್ದು ಅದಕ್ಕೇ.

1971ರ ರಾಕೆಟ್ಟಿನಲ್ಲಿ ನೋವಿಕ್ಕರಿಗೆ ಏಡಿಯ ಕ್ಷ-ಕಿರಣದ ವಾಲಿಕೆ ಶೇಕಡಾ 15ರ ಆಸುಪಾಸು ಎಂದು ಕಂಡಿತು. ತಪ್ಪಿನ ಸಾಧ್ಯತೆ 5ರಷ್ಟು. 1975ರಲ್ಲಿ ಹಾರಿದ ‘ಓಎಸ್‌ಓ-8’ ಉಪಗ್ರಹ ಅದನ್ನು ಬಿಗಿ ಮಾಡಿತು: ಶೇಕಡಾ 19.2, ಹೆಚ್ಚು ಕಡಿಮೆ 1. ಈ ಕೆಲಸದಲ್ಲಿ ದುಡಿದ ತರುಣರಲ್ಲಿ ಒಬ್ಬರು ಮಾರ್ಟಿನ್ ವೈಸ್ಕಾಫ್. ಆಮೇಲೆ? ಆಮೇಲೆ ಏನೂ ಇಲ್ಲ. 1978ರ ಐನ್‌ಸ್ಟೈನ್ ವೀಕ್ಷಣಾಲಯಕ್ಕೆ ಧ್ರುವೀಕರಣಮಾಪಕ ಇರಬೇಕೆಂದಿತ್ತು, ಕೈಬಿಟ್ಟರು. ಅನಂತರದ ‘ಚಂದ್ರ’ ವೀಕ್ಷಣಾಲಯದ ಯೋಜನೆಯಲ್ಲಿಯೂ ಹಾಗೆಯೇ ಆಯಿತು. ಸೋವಿಯತ್ ಉಪಗ್ರಹವೊಂದಕ್ಕಾಗಿ ನೋವಿಕ್ಕರ ತಂಡ ಇಡೀ ಉಪಕರಣವನ್ನೇ ಕಟ್ಟಿ ಮುಗಿಸಿತು. ಸೋವಿಯತ್ ಒಕ್ಕೂಟವೇ ಮುರಿಯಿತು, ಉಪಕರಣ ನೆಲದಲ್ಲೇ ಉಳಿಯಿತು. ವೈಸ್ಕಾಫರು ಮುಖ್ಯಸ್ಥರಾಗಿ ಯೋಜಿಸಿದ ‘ಐಎಕ್ಸ್‌ಪಿಇ’ ಉಪಗ್ರಹ ಹಾರಿದ್ದು 2021ರ ಡಿಸೆಂಬರ್ 9ರಂದು. ಮೊದಲ ರಾಕೆಟ್ಟಿನಿಂದ ಅರ್ಧ ಶತಮಾನ. ಅದು ನೋಡುವುದೂ ಮೆದುವಾದ ಕ್ಷ-ಕಿರಣವನ್ನು, 2ರಿಂದ 8 ಕಿಲೋ ಎಲೆಕ್ಟ್ರಾನ್ ವೋಲ್ಟಿನವರೆಗೆ ಮಾತ್ರ. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಒಂದು ಕಣಕ್ಕೆ ಎರಡು ಮೂರು ಎಲೆಕ್ಟ್ರಾನ್ ವೋಲ್ಟಿನ ಶಕ್ತಿ ಎಂದರೆ ಅಳತೆ ತಿಳಿಯುತ್ತದೆ.

ಇಷ್ಟೊಂದು ತಡವೇಕೆ? ಹಣದ ಮಾತು ಇದ್ದದ್ದೇ. ಆದರೆ ನಿಜವಾದ ಕಷ್ಟ ಲೆಕ್ಕದಲ್ಲಿದೆ. ಒಗ್ಗರಣೆ ಡಬ್ಬಿಯಂಥ ನಾಲ್ಕು ಮನೆಯ ತಟ್ಟೆಯೊಂದನ್ನು ಇಟ್ಟು ಮೇಲಿನಿಂದ ಒಂದು ಹಿಡಿ ಸಾಸಿವೆಯನ್ನು ಯಾವ ಕಡೆಗೂ ವಾಲಿಸದೆ ಚೆಲ್ಲಿ. ನಾಲ್ಕು ಮನೆಯಲ್ಲೂ ಸರಿಸಮನಾಗಿ ಬಿದ್ದೀತೆ? ಎಂದಿಗೂ ಇಲ್ಲ. ಯಾವುದೋ ಎರಡು ಎದುರು ಮನೆಗಳಲ್ಲಿ ನಾಲ್ಕು ಕಾಳು ಹೆಚ್ಚು ಇದ್ದೇ ಇರುತ್ತದೆ. ಅದನ್ನೇ ಹಿಡಿದು ‘ಸಾಸಿವೆ ಇಷ್ಟು ಶೇಕಡಾ ವಾಲಿತ್ತು’ ಎಂದು ಸಾರಬಹುದು. ಸಾಮಾನ್ಯ ಅಳತೆಯಲ್ಲಿ ತಪ್ಪು ಒಮ್ಮೆ ಹೆಚ್ಚಿಗೆ, ಒಮ್ಮೆ ಕಡಿಮೆಗೆ ಹೋಗಿ ಸರಾಸರಿಯಲ್ಲಿ ಕಳೆದುಹೋಗುತ್ತದೆ. ವಾಲಿಕೆಯ ಪ್ರಮಾಣಕ್ಕೆ ಸೊನ್ನೆಗಿಂತ ಕೆಳಗೆ ಹೋಗಲು ಜಾಗವಿಲ್ಲ. ಏನೂ ಇಲ್ಲದ ಕಡೆಯೂ ಅದು ಏನೋ ಒಂದನ್ನು ತೋರಿಸಿಯೇ ತೋರಿಸುತ್ತದೆ. ಪೂರ್ತಿ ಧ್ರುವೀಕೃತವಾದ ಕಿರಣ ಬಿದ್ದಾಗ ಶೇಕಡಾ 40ರಷ್ಟು ಏರುಪೇರು ತೋರಿಸುವ ಒಳ್ಳೆಯ ಉಪಕರಣವೊಂದಿದೆ ಎಂದುಕೊಳ್ಳೋಣ. ಹಿನ್ನೆಲೆಯ ಗದ್ದಲವೇ ಇಲ್ಲ ಎಂದೂ ಇಟ್ಟುಕೊಳ್ಳೋಣ. ಶೇಕಡಾ 10ರ ವಾಲಿಕೆಯನ್ನು ನೂರಕ್ಕೆ ತೊಂಬತ್ತೊಂಬತ್ತರ ಭರವಸೆಯಿಂದ ಹೇಳಲು ಅದು ಸುಮಾರು ಹನ್ನೊಂದೂವರೆ ಸಾವಿರ ಕಣಗಳನ್ನು ಎಣಿಸಬೇಕು. ಶೇಕಡಾ 1 ಆದರೆ ಹನ್ನೊಂದೂವರೆ ಲಕ್ಷ. ಕಠಿಣ ಕ್ಷ-ಕಿರಣದ ಕಣಗಳಾದರೋ ಆಕಾಶದಿಂದ ಬರುವುದೇ ವಿರಳ. ಅವುಗಳಲ್ಲಿ ತಕ್ಕ ಬಗೆಯಲ್ಲಿ ಚದರಿ ಎಣಿಕೆಗೆ ಸಿಕ್ಕುವುವು ಇನ್ನೂ ವಿರಳ. ಇದರ ಮೇಲೆ ತಟ್ಟೆಯ ಒಂದು ಮನೆ ಕೊಂಚ ಅಗಲವಾಗಿದ್ದರೆ, ಉಪಕರಣದ ಓರೆಕೋರೆಯೇ ಆಕಾಶದ ವಾಲಿಕೆಯ ವೇಷ ಹಾಕಿಕೊಂಡು ಬಂದು ನಿಲ್ಲುತ್ತದೆ.

ಬಾರ್ಕ್ಲನ ಬಾಲದ ಕಥೆಯನ್ನು ಹೇಳಿದ್ದು ಇದಕ್ಕಾಗಿ. 2003ರಲ್ಲಿ ಇಬ್ಬರು ಅಮೆರಿಕನ್ ವಿಜ್ಞಾನಿಗಳು, ಸೂರ್ಯನನ್ನು ನೋಡಲೆಂದು ಹಾರಿಸಿದ್ದ ‘ರೆಸ್ಸಿ’ ಎಂಬ ಉಪಗ್ರಹದ ಲೆಕ್ಕದಿಂದ, ಹಿಂದಿನ ವರ್ಷ ದೂರದಲ್ಲಿ ಸಿಡಿದ ಒಂದು ಗಾಮಾ-ಕಿರಣ ಸ್ಫೋಟದ ಬೆಳಕು ಶೇಕಡಾ 80ರಷ್ಟು ಧ್ರುವೀಕೃತವೆಂದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ದೊಡ್ಡ ಸುದ್ದಿಯಾಯಿತು. ಸಿದ್ಧಾಂತಿಗಳು ಅದನ್ನು ವಿವರಿಸಲು ಧಾವಿಸಿದರು. 2004ರಲ್ಲಿ ಬೇರೆ ಎರಡು ತಂಡಗಳು ಅದೇ ಲೆಕ್ಕದ ಪುಸ್ತಕವನ್ನು ತೆಗೆದು ಮೊದಲಿಂದ ಎಣಿಸಿದುವು. ಮೊದಲಿನವರು ಚದರಿದ ಕಣಗಳೆಂದು ಎಣಿಸಿದ್ದರಲ್ಲಿ ಬಹುಪಾಲು ಬರಿಯ ಕಾಕತಾಳೀಯವೆಂದೂ ನಿಜವಾದವು ಅದರ ಹತ್ತನೆಯ ಒಂದು ಪಾಲಿಗಿಂತ ಕಡಿಮೆಯೆಂದೂ ಒಂದು ತಂಡ ಹೇಳಿತು. ವಾಲಿಕೆ ಇದೆಯೆನ್ನಲೂ ಇಲ್ಲವೆನ್ನಲೂ ಆ ಲೆಕ್ಕ ಸಾಲದು ಎಂಬಲ್ಲಿಗೆ ಇನ್ನೊಂದು ತಂಡ ಬಂದು ನಿಂತಿತು. ಯಾರೂ ಸುಳ್ಳು ಹೇಳಿರಲಿಲ್ಲ. ಸಾಸಿವೆ ಕಡಿಮೆಯಿತ್ತು.

ನಮ್ಮ ಆಸ್ಟ್ರೋಸ್ಯಾಟ್ 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟೆಯಿಂದ ಏರಿತು. ಅದು ಕಳಿಸುವ ಮಾತುಗಳನ್ನು ಕೇಳಿಸಿಕೊಳ್ಳುವ ದೊಡ್ಡ ಬಟ್ಟಲುಗಳು ಇರುವುದು ಬೆಂಗಳೂರಿನ ಹೊರಗೆ, ಬ್ಯಾಲಾಳಿನಲ್ಲಿ. ಅದರ ಒಂದು ಉಪಕರಣದಲ್ಲಿ ಕ್ಯಾಡ್ಮಿಯಂ, ಸತು, ಟೆಲ್ಯೂರಿಯಂ ಸೇರಿದ ಹರಳಿನ ಬಿಲ್ಲೆಗಳಿವೆ. ಒಟ್ಟು 16,384 ಚಿಕ್ಕ ಚೌಕ. ಕಣವೊಂದು ಒಂದು ಚೌಕಕ್ಕೆ ಬಿದ್ದು ಚದರಿ ಪಕ್ಕದ ಚೌಕಕ್ಕೆ ಹಾರಿದರೆ ಎರಡೂ ಒಂದೇ ಗಳಿಗೆಯಲ್ಲಿ ಮಿಣಕುತ್ತವೆ; ಯಾವ ಪಕ್ಕಕ್ಕೆ ಹಾರಿತು ಎಂಬುದನ್ನು ಎಣಿಸುತ್ತ ಹೋದರೆ ಬಾರ್ಕ್ಲನ ಪ್ರಯೋಗವೇ ಆಯಿತು. ಇದಕ್ಕೆಂದೇ ಮಾಡಿದ ಉಪಕರಣವಲ್ಲ ಅದು. ಆದರೂ ಅಹಮದಾಬಾದಿನ ಸಂತೋಷ್ ವಡವಳೆ ಮತ್ತು ಸಂಗಡಿಗರು, ಧ್ರುವೀಕೃತವಾದ ಕಿರಣವನ್ನೂ ಆಗದ ಕಿರಣವನ್ನೂ ನೆಲದ ಮೇಲೇ ಅದಕ್ಕೆ ತೋರಿಸಿ, ಎರಡಕ್ಕೂ ಅದು ಕೊಡುವ ಉತ್ತರವನ್ನು ಬರೆದಿಟ್ಟುಕೊಂಡೇ ಮೇಲಕ್ಕೆ ಕಳಿಸಿದರು. ರೆಸ್ಸಿಯ ಪ್ರಕರಣದಿಂದ ಕಲಿಯಬೇಕಾಗಿದ್ದುದನ್ನು ಕಲಿತವರೆಂದು ಹೇಳಬೇಕು. ಒಂದೂವರೆ ವರ್ಷದಲ್ಲಿ ಮತ್ತೆ ಮತ್ತೆ ಒಟ್ಟು ಸುಮಾರು 8 ಲಕ್ಷ ಸೆಕೆಂಡು ಏಡಿಯನ್ನು ನೋಡಿ, 2017ರಲ್ಲಿ ಫಲವನ್ನು ಪ್ರಕಟಿಸಿದರು. 100ರಿಂದ 380 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಕಠಿಣ ಕಿರಣದಲ್ಲಿ ವಾಲಿಕೆ ಶೇಕಡಾ 32.7, ಹೆಚ್ಚು ಕಡಿಮೆ 5.8. ಜೊತೆಗೆ ಇನ್ನೊಂದು ಆಶ್ಚರ್ಯದ ಮಾತನ್ನೂ ಹೇಳಿದರು: ನಕ್ಷತ್ರದ ದೀಪ ನಮ್ಮ ಕಡೆ ತಿರುಗದ ಗಳಿಗೆಯಲ್ಲೂ ವಾಲಿಕೆ ಏರಿಳಿಯುತ್ತದೆ ಎಂದು.

ಪತ್ರಿಕೆಗಳು ಈ ಸುದ್ದಿಯನ್ನು ಹೆಮ್ಮೆಯಿಂದ ಅಚ್ಚುಹಾಕಿದುವು. ಅನಂತರ ನಡೆದದ್ದು ಅಷ್ಟಾಗಿ ಅಚ್ಚಾಗಲಿಲ್ಲ. ಸ್ವೀಡನ್ನಿನವರು ಬಲೂನಿನಲ್ಲಿ ಕಟ್ಟಿ 2016ರ ಬೇಸಗೆಯಲ್ಲಿ ಕಿರೂನದಿಂದ ಕೆನಡದವರೆಗೆ ತೇಲಿಸಿದ ‘ಪೋಗೋ ಪ್ಲಸ್’ ಎಂಬ ಮಾಪಕಕ್ಕೆ ಸ್ವಲ್ಪ ಮೆದು ಕಿರಣದಲ್ಲಿ ಶೇಕಡಾ 20.9 ಎಂದು ಕಂಡಿತ್ತು. ಅವರು 2018ರಲ್ಲಿ ತಮ್ಮ ಲೆಕ್ಕವನ್ನೂ ನಮ್ಮವರ ಲೆಕ್ಕವನ್ನೂ ಒಟ್ಟಿಗಿಟ್ಟು, ಮೇಲೆ ಹೇಳಿದ ಸಾಸಿವೆಯ ತೊಡಕನ್ನು ಗಮನಕ್ಕೆ ತಂದುಕೊಂಡು ತೂಗಿ ನೋಡಿದರು. ಆ ಏರಿಳಿತ ನಿಜವೆನ್ನುವುದಕ್ಕೆ ಎರಡರಲ್ಲೂ, ಕೂಡಿಸಿದಾಗಲೂ, ಸಾಕಷ್ಟು ಆಧಾರವಿಲ್ಲವೆಂದು ಬರೆದರು. ಒಟ್ಟಾರೆ ವಾಲಿಕೆಯ ಅಳತೆಗೆ ಇದರಿಂದ ಧಕ್ಕೆಯಿಲ್ಲ. ದೇಶಾಭಿಮಾನದಿಂದ ನೋಡಿದರೆ ಇದು ಸೋಲಿನಂತೆ ಕಂಡೀತು. ನನಗಂತೂ ಹಾಗೆ ಕಾಣುವುದಿಲ್ಲ. ನಮ್ಮ ಅಳತೆಯನ್ನು ತೂಗಲು ಯೋಗ್ಯವೆಂದು ಇನ್ನೊಬ್ಬರು ತಕ್ಕಡಿ ತೆಗೆದರಲ್ಲ, ಅದು ಆರ್ಯಭಟದ ಕಾಲಕ್ಕೆ ನಮಗೆ ಸಿಕ್ಕದಿದ್ದ ಮರ್ಯಾದೆ.

8ಕ್ಕೂ 100ಕ್ಕೂ ನಡುವೆ ಒಂದು ದೊಡ್ಡ ಬಯಲು ಉಳಿದಿತ್ತು. ಅದರ ಹತ್ತಿರದ ತುದಿಯನ್ನು ಉಳಲು ಹೊರಟವರು ಬೆಂಗಳೂರಿನ ಮೇಖ್ರಿ ವೃತ್ತದ ಬಳಿಯ ರಾಮನ್ ಸಂಶೋಧನಾ ಸಂಸ್ಥೆಯವರು. ಬಿಶ್ವಜಿತ್ ಪಾಲ್ ಅವರ ನೇತೃತ್ವದ ತಂಡ 2010ರ ಹೊತ್ತಿಗೇ ತನ್ನ ಪ್ರಯೋಗಾಲಯದ ಮಾದರಿಯನ್ನು ವರ್ಣಿಸಿ ಬರೆದಿತ್ತು. ಉಪಕರಣದ ಹೆಸರು ‘ಪೋಲಿಕ್ಸ್’. ನಡುವೆ ಬೆರಿಲಿಯಂ ಲೋಹದ ದಿಂಡು. ಸುತ್ತಲೂ ನಾಲ್ಕು ಮಗ್ಗುಲಿಗೆ ಕ್ಸೆನಾನ್ ಅನಿಲ ತುಂಬಿದ ನಾಲ್ಕು ಎಣಿಕೆಯ ಪೆಟ್ಟಿಗೆ. ಬೆರಿಲಿಯಂ ಬಹು ಹಗುರವಾದದ್ದರಿಂದ ಈ ಶಕ್ತಿಯ ಕ್ಷ-ಕಿರಣವನ್ನು ನುಂಗದೆ ಪಕ್ಕಕ್ಕೆ ಚದರಿಸುತ್ತದೆ. ಭಾರವಾದ ಕ್ಸೆನಾನ್ ಹಾಗೆ ಚದರಿ ಬಂದದ್ದನ್ನು ನುಂಗಿ ಲೆಕ್ಕ ಕೊಡುತ್ತದೆ. ನಾಲ್ಕು ಪೆಟ್ಟಿಗೆಗಳು ಎಷ್ಟೇ ನಾಜೂಕಾಗಿ ಮಾಡಿದರೂ ಒಂದರಂತೆ ಒಂದು ಇರುವುದಿಲ್ಲವಲ್ಲ? ಅದಕ್ಕೂ ಉಪಾಯವಿದೆ: ಇಡೀ ಉಪಗ್ರಹ ತಾನು ನೋಡುವ ನಕ್ಷತ್ರದ ಕಡೆಗೇ ಮುಖ ಮಾಡಿಕೊಂಡು, ಗಾಣದ ಕಂಬದಂತೆ, ನಿಧಾನವಾಗಿ ತನ್ನ ಸುತ್ತ ತಿರುಗುತ್ತಿರುತ್ತದೆ. ಪ್ರತಿ ಪೆಟ್ಟಿಗೆಯೂ ಸರದಿಯ ಮೇಲೆ ಪ್ರತಿ ದಿಕ್ಕನ್ನೂ ನೋಡುತ್ತದೆ. ಆಕಾಶದ ವಾಲಿಕೆ ಒಂದು ಸುತ್ತಿಗೆ ಎರಡು ಸಲ ಎದ್ದು ಬೀಳುವ ಅಲೆಯಾಗಿ ಬರುತ್ತದೆ. ಪೆಟ್ಟಿಗೆಯ ಸ್ವಂತ ಓರೆ ಅಲುಗದೆ ನಿಂತು ಸಿಕ್ಕಿಬೀಳುತ್ತದೆ. ಕುಕ್ಕರಹಳ್ಳಿ ಏರಿಯ ಮೇಲೆ ನಾವು ಕನ್ನಡಕ ತಿರುಗಿಸಿದ್ದೂ ಇದಕ್ಕೇ.

‘ಎಕ್ಸ್‌ಪೋಸ್ಯಾಟ್’ ಎಂಬ ಹೆಸರಿನ ಆ ಉಪಗ್ರಹ 2024ರ ಜನವರಿ 1ರ ಬೆಳಗ್ಗೆ ಶ್ರೀಹರಿಕೋಟೆಯಿಂದ ಏರಿ 650 ಕಿಲೋಮೀಟರ್ ಎತ್ತರದ ಕಕ್ಷೆ ಸೇರಿತು. ಪೋಲಿಕ್ಸಿನ ಪಾಲಿಗೆ ಬಂದದ್ದು 8ರಿಂದ 30 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಪಟ್ಟಿ. ಅದರ ಜೊತೆಗಾರ ಉಪಕರಣವನ್ನು ಮಾಡಿಕೊಟ್ಟದ್ದು ಯು. ಆರ್. ರಾಯರ ಹೆಸರು ಹೊತ್ತಿರುವ ಬೆಂಗಳೂರಿನ ಉಪಗ್ರಹ ಕೇಂದ್ರ. ಶ್ರೀಕಂಠನ್ನರು ಆಸ್ಟ್ರೋಸ್ಯಾಟ್ ಏರಿದ್ದನ್ನು ಕಂಡಿದ್ದರು, ಇದನ್ನು ಕಾಣಲಿಲ್ಲ. 2019ರ ಅಕ್ಟೋಬರ್ 27ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ರಾಮನ್ನರಂತೂ 1970ರಲ್ಲೇ ಹೋದರು. ಅವರ ದಹನವಾದದ್ದು ಸಂಸ್ಥೆಯ ತೋಟದಲ್ಲೇ, ಆ ಜಾಗದಲ್ಲಿ ಒಂದು ಮರವಿದೆ. ಬೆರಿಲಿಯಂ ದಿಂಡಿನ ಕೆಲಸ ನಡೆದದ್ದು ಅದೇ ಆವರಣದಲ್ಲಿ.

ಜನವರಿ 10ರಂದು ಪೋಲಿಕ್ಸಿನ ಕಣ್ಣು ತೆರೆಸಿದರು. ಮೊದಲು ತಿರುಗಿಸಿದ್ದು ಏಡಿಯ ಕಡೆಗೆ. 15ರಿಂದ 18ರವರೆಗೆ ಎಣಿಸಿದ ಕಣಗಳಿಂದ, ಸೆಕೆಂಡಿಗೆ 30 ಸಲ ಬಡಿಯುವ ಆ ನಾಡಿಯ ಚಿತ್ರವೊಂದನ್ನು ಬರೆದು ಪ್ರಕಟಿಸಿದರು. ಎರಡು ಶಿಖರಗಳು, ಒಂದು ಎತ್ತರ, ಒಂದು ಗಿಡ್ಡ. ಉಪಕರಣ ಸರಿಯಾಗಿ ಎಣಿಸುತ್ತಿದೆ ಎನ್ನಲು ಅಷ್ಟು ಸಾಕಿತ್ತು. ಧ್ರುವೀಕರಣ ಶೇಕಡಾ ಎಷ್ಟು ಎಂಬ ಸಂಖ್ಯೆಯನ್ನು ಆ ಪ್ರಕಟಣೆಯಲ್ಲಿ ಹಾಕಿರಲಿಲ್ಲ.